ಚೀನೀ ಅಕ್ಷರ ಬರೆಯಲು ಕಲಿಯುವವರಿಗೆ: ಮೊದಲು ಗೀಟಿನ ಕ್ರಮ, ಆಮೇಲೆ ಅಂದ

ಚೀನೀ ಲಿಪಿಯಲ್ಲಿ 'ಬಾಯಿ' ಎಂದು ಬರೆಯಲು ಒಂದು ಚೌಕ ಸಾಕು. ಕನ್ನಡ ಬರೆದು ಪಳಗಿದ ಕೈ ಅದನ್ನು ಕಂಡ ಕೂಡಲೇ ಎಡ ಮೇಲ್ಮೂಲೆಯಲ್ಲಿ ಪೆನ್ಸಿಲ್ ಊರಿ, ಎತ್ತದೆ ಒಂದು ಸುತ್ತು ತಂದು ಶುರುಮಾಡಿದಲ್ಲಿಗೇ ಸೇರಿಸಿಬಿಡುತ್ತದೆ. ಸ್ವಲ್ಪ ಹುಷಾರಿರುವವರು ನಾಲ್ಕು ಬದಿಗೆ ನಾಲ್ಕು ಗೀಟು ಎಳೆಯುತ್ತಾರೆ. ಎರಡೂ ತಪ್ಪು. ಆ ಚೌಕಕ್ಕೆ ಇರುವುದು ಮೂರೇ ಗೀಟು. ಮೊದಲು ಎಡಬದಿ, ಮೇಲಿನಿಂದ ಕೆಳಕ್ಕೆ. ಪೆನ್ಸಿಲ್ ಎತ್ತಿ ಮತ್ತೆ ಎಡ ಮೇಲ್ಮೂಲೆಗೆ ಬನ್ನಿ. ಅಲ್ಲಿಂದ ಬಲಕ್ಕೆ ಹೋಗಿ, ಮೂಲೆಯಲ್ಲಿ ಎತ್ತದೆಯೇ ತಿರುಗಿಸಿ ಕೆಳಕ್ಕೆ ಇಳಿಸಿ. ಇದು ಎರಡನೆಯದು. ಕೊನೆಗೆ ತಳ, ಎಡದಿಂದ ಬಲಕ್ಕೆ.

ಈ ಪುಟ್ಟ ಚೌಕ ನೂರಾರು ಅಕ್ಷರಗಳ ಒಳಗೆ ಬಂದು ಕೂರುತ್ತದೆ. ಇದನ್ನು ತಪ್ಪು ಕಲಿತವರು ಆ ನೂರಾರನ್ನೂ ತಪ್ಪಾಗಿಯೇ ಬರೆಯುತ್ತಾರೆ. ಹಾಗಾಗಿ ನನ್ನ ಸಲಹೆ ಸರಳ: ಮೊದಲ ಕೆಲವು ತಿಂಗಳು ಅಂದಚೆಂದದ ಗೊಡವೆಗೆ ಹೋಗಬೇಡಿ. ಅಕ್ಷರ ಸೊಟ್ಟಗಿದ್ದರೆ, ಒಂದು ಭಾಗ ದಪ್ಪಗಾಗಿ ಇನ್ನೊಂದು ಸೊರಗಿದ್ದರೆ, ವರ್ಷ ಕಳೆದ ಮೇಲೂ ತಿದ್ದಿಕೊಳ್ಳಬಹುದು. ಕೈಗೆ ಕುಳಿತ ಕ್ರಮವನ್ನು ಎಬ್ಬಿಸುವುದು ಮಾತ್ರ ಬಹಳ ಕಷ್ಟ.

ಕ್ರಮದ ಉಪಯೋಗವೇನು

ಬರೆದು ಮುಗಿಸಿದ ಅಕ್ಷರದಲ್ಲಿ ಯಾವ ಗೀಟು ಮೊದಲು ಬಂತು ಎಂದು ಯಾರಿಗೆ ಕಾಣುತ್ತದೆ ಎಂದು ಕೇಳುವವರಿದ್ದಾರೆ. ನಿಧಾನವಾಗಿ, ಬಿಡಿಬಿಡಿಯಾಗಿ ಬರೆದಾಗ ಕಾಣುವುದಿಲ್ಲ, ನಿಜ. ವೇಗ ಬಂದ ಮೇಲೆ ಕಾಣುತ್ತದೆ. ದಿನಬಳಕೆಯ ಓಟದ ಬರಹದಲ್ಲಿ ಒಂದು ಗೀಟಿನಿಂದ ಇನ್ನೊಂದಕ್ಕೆ ಹೋಗುವಾಗ ಪೆನ್ನು ಪೂರ್ತಿ ಮೇಲೇಳುವುದಿಲ್ಲ. ನಡುವೆ ತೆಳುವಾದ ಎಳೆಯೊಂದು ಉಳಿಯುತ್ತದೆ. ಚೀನೀಯರು ಒಬ್ಬರ ಕೈಬರಹವನ್ನು ಇನ್ನೊಬ್ಬರು ಓದುವುದು ಬಹುಮಟ್ಟಿಗೆ ಆ ಎಳೆಗಳ ಜಾಡು ಹಿಡಿದು. ಇಂದು ಚೀನಾದಲ್ಲಿ ಬಳಸುವ, ಗೀಟು ಕಡಿಮೆ ಮಾಡಿದ ಸರಳೀಕೃತ ಲಿಪಿಯ 'ಪುಸ್ತಕ', 'ಪೂರ್ವ', 'ವಾಹನ' ಮೊದಲಾದ ಅಕ್ಷರಗಳು ಇಂಥ ಓಟದ ಬರಹದಿಂದಲೇ ಹುಟ್ಟಿದವು.

ಎಣಿಕೆಯ ಮಾತೂ ಇದೆ. ಗೀಟಿನ ಸಂಖ್ಯೆ ಗೊತ್ತಿಲ್ಲದೆ ಹಳೆಯ ಶೈಲಿಯ ನಿಘಂಟು ತೆರೆಯುವಂತಿಲ್ಲ. 1716ರ ಕಾಂಗ್‌ಶೀ ನಿಘಂಟು ಅಕ್ಷರಗಳನ್ನು 214 ಮೂಲಾಂಗಗಳ (ಹಲವು ಅಕ್ಷರಗಳಲ್ಲಿ ಮತ್ತೆ ಮತ್ತೆ ಬರುವ ಮೂಲ ಭಾಗಗಳ) ಕೆಳಗೆ ಹಂಚಿ, ಒಂದೊಂದರ ಒಳಗೂ ಗೀಟಿನ ಸಂಖ್ಯೆಯ ಪ್ರಕಾರ ಜೋಡಿಸಿದೆ. ಇಂದಿಗೂ ಚೀನಾದಲ್ಲಿ ಗಣ್ಯರ ಹೆಸರುಗಳ ಪಟ್ಟಿ ಮಾಡುವಾಗ ಯಾರು ಮೇಲು ಯಾರು ಕೆಳಗು ಎಂಬ ಇರುಸುಮುರುಸು ತಪ್ಪಿಸಲು ಮನೆತನದ ಹೆಸರಿನ ಗೀಟು ಎಣಿಸುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನು ನೆನಪಿಸಿಕೊಳ್ಳಿ. ವಾಡಿಕೆಯಂತೆ ಗ್ರೀಸ್ ಮುಂದೆ ಬಂತು, ಅದರ ಹಿಂದೆಯೇ ಗಿನಿ! ಗಿನಿಯ ಚೀನೀ ಹೆಸರಿನ ಮೊದಲ ಅಕ್ಷರಕ್ಕೆ ಎರಡೇ ಗೀಟು. ಹದಿನೈದು ಗೀಟಿನ ಆಸ್ಟ್ರೇಲಿಯಾ, ಹದಿನಾರು ಗೀಟಿನ ಜಾಂಬಿಯಾ ಆತಿಥೇಯರಿಗಿಂತ ಸ್ವಲ್ಪ ಮುಂಚೆ, ಸಾಲಿನ ತುದಿಯಲ್ಲಿದ್ದವು. ನಮ್ಮ ದೇಶದ ಚೀನೀ ಹೆಸರು ಐದು ಗೀಟಿನ ಅಕ್ಷರದಿಂದ ಶುರುವಾಗುತ್ತದೆ.

ಯಾರ ಕ್ರಮ?

ಶುರುಮಾಡುವ ಮೊದಲೇ ಒಂದು ನಿರ್ಧಾರ ಆಗಬೇಕು. ಚೀನಾ, ತೈವಾನ್, ಜಪಾನ್ ಮೂರರಲ್ಲೂ ಗೀಟಿನ ಕ್ರಮಕ್ಕೆ ಬೇರೆ ಬೇರೆ ಅಧಿಕೃತ ಪದ್ಧತಿಗಳಿವೆ. ಚೀನಾ 1997ರಲ್ಲಿ 7,000 ಅಕ್ಷರಗಳ ಕ್ರಮವನ್ನು ಗೊತ್ತುಪಡಿಸಿತು. 8,105 ಅಕ್ಷರಗಳಿಗೆ ವಿಸ್ತರಿಸಿದ ಹೊಸ ಪಟ್ಟಿ 2021ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ತೈವಾನ್‌ನ ಕೈಪಿಡಿ 1996ರದ್ದು, ಜಪಾನಿನ ಶಿಕ್ಷಣ ಸಚಿವಾಲಯದ್ದು 1958ರದ್ದು. ಮುಕ್ಕಾಲು ಪಾಲು ಮೂರೂ ಒಂದೇ. ಆದರೆ 'ರಾಜ' ಎಂಬ ಅಕ್ಷರ ನೋಡಿ: ಮೂರು ಅಡ್ಡಗೀಟು, ನಡುವೆ ಒಂದು ಉದ್ದಗೀಟು. ಚೀನಾದಲ್ಲಿ ಎರಡು ಅಡ್ಡ ಎಳೆದ ಮೇಲೆ ಉದ್ದ, ಆಮೇಲೆ ತಳದ ಅಡ್ಡ. ಜಪಾನಿನಲ್ಲಿ ಒಂದು ಅಡ್ಡ, ಕೂಡಲೇ ಉದ್ದ, ಆಮೇಲೆ ಉಳಿದೆರಡು ಅಡ್ಡ. ಓಟದ ಬರಹದಲ್ಲಿ ಜಪಾನಿನ ಕ್ರಮ ಚೀನಾದಲ್ಲೂ ಹಳೆಯದೇ. ಯಾವುದೂ ಅಪರಾಧವಲ್ಲ, ಆದರೆ ಬೆರಕೆ ಮಾಡಿಕೊಂಡರೆ ಕೈ ಗೊಂದಲಕ್ಕೆ ಬೀಳುತ್ತದೆ. ಜಪಾನಿ ಭಾಷೆಯ ತರಗತಿಗೆ ಹೋಗುವವರು ಚೀನೀ ಕ್ರಮದ ಪುಸ್ತಕ ತಂದುಕೊಳ್ಳಬೇಡಿ. ಚೀನೀ ಕಲಿಯುವವರು ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಚಲಿಸುವ ಚಿತ್ರ ಜಪಾನಿನದ್ದೋ ಎಂದು ನೋಡಿಕೊಳ್ಳಿ. ಇಲ್ಲಿ ಮುಂದೆ ಹೇಳುವುದೆಲ್ಲ ಚೀನಾದ ಸರಳೀಕೃತ ಲಿಪಿಯ ಕ್ರಮ.

ಬೇಕಾದ ಸಾಮಾನು

ಮೆತ್ತನೆಯ ಪೆನ್ಸಿಲ್ ಒಂದು, ಮಕ್ಕಳು ಲೆಕ್ಕ ಬರೆಯುವ ಚೌಕುಳಿ ನೋಟ್‌ಬುಕ್ ಒಂದು. ಚೀನಾದ ಶಾಲಾಮಕ್ಕಳು ಬರೆಯುವ ಹಾಳೆಯಲ್ಲಿ ಪ್ರತಿ ದೊಡ್ಡ ಚೌಕವನ್ನೂ ಅಡ್ಡ ಒಂದು, ಉದ್ದ ಒಂದು ಚುಕ್ಕೆಗೆರೆಯಿಂದ ನಾಲ್ಕು ಭಾಗ ಮಾಡಿರುತ್ತಾರೆ. ನಮ್ಮ ಚೌಕುಳಿ ಪುಸ್ತಕದಲ್ಲಿ ಎರಡು ಅಡ್ಡ, ಎರಡು ಉದ್ದ, ಒಟ್ಟು ನಾಲ್ಕು ಮನೆಗಳನ್ನು ಸೇರಿಸಿ ಹೊರಗೆ ಬಣ್ಣದ ಪೆನ್ನಿನಿಂದ ಗೆರೆ ಹಾಕಿದರೆ ಅದೇ ಸಿದ್ಧ. ಒಂದು ಅಕ್ಷರಕ್ಕೆ ನಾಲ್ಕು ಮನೆ. ಬಾಲ್ ಪೆನ್ನು ಜಾರುತ್ತದೆ, ಈಗ ಬೇಡ. ಕುಂಚವಂತೂ ಖಂಡಿತ ಬೇಡ; ಕುಂಚದ ಕಲೆ ಬೇರೆಯೇ ಸಾಧನೆ.

ಇನ್ನೊಂದು ಉಪಕರಣ ನಿಮ್ಮ ಮೊಬೈಲಿನಲ್ಲೇ ಇದೆ, ಬಹಳ ಮಂದಿ ಅದರ ಕಡೆ ನೋಡುವುದೇ ಇಲ್ಲ. ಐಫೋನ್‌ನಲ್ಲಾಗಲಿ ಗೂಗಲ್‌ನ ಜಿಬೋರ್ಡ್‌ನಲ್ಲಾಗಲಿ ಚೀನೀ ಸರಳೀಕೃತ ಭಾಷೆ ಸೇರಿಸುವಾಗ 'ಸ್ಟ್ರೋಕ್' ಎಂಬ ಕೀಲಿಮಣೆಯನ್ನೂ ಆರಿಸಿಕೊಳ್ಳಿ. ಬೆರಳಿನಿಂದ ಗೀಚುವ ಕೈಬರಹದ ಕೀಲಿಮಣೆ ಕ್ರಮ ತಪ್ಪಿದರೂ ಊಹಿಸಿ ಅಕ್ಷರ ಕೊಟ್ಟುಬಿಡುತ್ತದೆ. ಅದರಿಂದ ಪರೀಕ್ಷೆ ಆಗದು. ಸ್ಟ್ರೋಕ್ ಕೀಲಿಮಣೆಯಲ್ಲಿ ಐದೇ ಗೀಟುಗಳ ಕೀಲಿಗಳಿರುತ್ತವೆ, ಗೀಟುಗಳನ್ನು ಬರೆಯುವ ಕ್ರಮದಲ್ಲೇ ಒತ್ತಬೇಕು. ಕ್ರಮ ತಪ್ಪಿದರೆ ನಿಮಗೆ ಬೇಕಾದ ಅಕ್ಷರ ಬರುವುದೇ ಇಲ್ಲ. ಇಷ್ಟು ನಿಷ್ಠುರ ಮೇಷ್ಟ್ರು ಬಿಟ್ಟಿಯಾಗಿ ಸಿಗುವುದು ಅಪರೂಪ.

ಐದು ಅಂಕಿ

ಆ ಐದು ಕೀಲಿಗಳಿಗೆ ಚೀನಾದಲ್ಲಿ ರೂಢಿಯಾಗಿರುವ ಅಂಕಿಗಳೂ ಇವೆ. 1997ರ ಅಧಿಕೃತ ಪಟ್ಟಿಯಲ್ಲೂ ಪ್ರತಿ ಅಕ್ಷರದ ಕ್ರಮವನ್ನು ಅಂಕಿಗಳಲ್ಲಿ ಕೊಟ್ಟಿದೆ. ಇಲ್ಲಿ ಅದೇ ಪದ್ಧತಿ ಹಿಡಿಯುತ್ತೇನೆ, ನೀವು ಅಂಕಿ ನೋಡಿ ಕೀಲಿ ಒತ್ತಿದರೆ ಅಕ್ಷರ ಪರದೆಯ ಮೇಲೆ ಬರುತ್ತದೆ.

1 ಎಂದರೆ ಅಡ್ಡಗೀಟು, ಎಡದಿಂದ ಬಲಕ್ಕೆ. ಕೈಬರಹದಲ್ಲಿ ಇದು ಬಲಕ್ಕೆ ಹೋಗುತ್ತ ಕೂದಲೆಳೆಯಷ್ಟು ಮೇಲೇರಬೇಕು. ಅಳತೆಪಟ್ಟಿ ಇಟ್ಟಂತೆ ಸಪಾಟಾಗಿದ್ದರೆ ಅಕ್ಷರ ಸತ್ತಂತೆ ಕಾಣುತ್ತದೆ. ಕೆಳಗಿನಿಂದ ಬಲಮೇಲಕ್ಕೆ ಚಿಮ್ಮುವ ಏರುಗೀಟೂ 1ರ ಲೆಕ್ಕಕ್ಕೇ ಸೇರುತ್ತದೆ.
2 ಉದ್ದಗೀಟು, ಮೇಲಿನಿಂದ ಕೆಳಕ್ಕೆ. ತುದಿಯಲ್ಲಿ ಎಡಕ್ಕೆ ಸಣ್ಣ ಕೊಕ್ಕೆ ಇದ್ದರೂ 2.
3 ಎಡಕ್ಕೆ ಜಾರುವ ಗೀಟು, ಮೇಲಿನಿಂದ ಎಡ ಕೆಳಕ್ಕೆ, ಕೊನೆಯಲ್ಲಿ ತೆಳುವಾಗುತ್ತ.
4 ಚುಕ್ಕೆ, ಜೊತೆಗೆ ಬಲ ಕೆಳಕ್ಕೆ ಜಾರುವ ಉದ್ದನೆಯ ಗೀಟು.
5 ತಿರುವು ಇರುವ ಮಿಕ್ಕ ಎಲ್ಲವೂ. ಎಷ್ಟೇ ಮೂಲೆ ತಿರುಗಲಿ, ಪೆನ್ಸಿಲ್ ಎತ್ತದಿದ್ದರೆ ಅದು ಒಂದೇ 5.

ಹೀಗಾಗಿ ಮೊದಲು ಹೇಳಿದ ಬಾಯಿಯ ಚೌಕ 251.

ಕುಂಚದ ಪಾಠದಲ್ಲಿ ಗೀಟುಗಳನ್ನು ಎಂಟು ಬಗೆ ಮಾಡಿ, ಆ ಎಂಟನ್ನೂ 'ಶಾಶ್ವತ' ಎಂಬ ಅರ್ಥದ 'ಯೊಂಗ್' ಎಂಬ ಒಂದೇ ಅಕ್ಷರದಲ್ಲಿ ಕಲಿಸುವ ಹಳೆಯ ಸಂಪ್ರದಾಯವಿದೆ. ಕ್ರಿ.ಶ. 353ರಲ್ಲಿ ಲಿಪಿಕಲೆಗಾರ ವಾಂಗ್ ಶೀಝಿ ಒಂದು ಕವನ ಸಂಗ್ರಹಕ್ಕೆ ಬರೆದ, ಲಿಪಿಕಲೆಯ ಶಿಖರವೆಂದು ಚೀನೀಯರು ಕೊಂಡಾಡುವ ಮುನ್ನುಡಿ ಶುರುವಾಗುವುದೂ ಅದೇ ಅಕ್ಷರದಿಂದ. ಆದರೆ ಯೊಂಗ್ ಅಂಕಿಗಳಲ್ಲಿ 45534, ತಿರುವುಗಳು ತೊಡಕಿನವು. ಮೊದಲ ದಿನಕ್ಕೆ ಅದು ಒಳ್ಳೆಯ ಪಾಠವೆಂದು ನನಗೆ ಅನ್ನಿಸುವುದಿಲ್ಲ.

ದಿಕ್ಕಿನ ಬಗ್ಗೆ ಒಂದು ಎಚ್ಚರಿಕೆ. 'ಸಾವಿರ' 312, 'ಒಣಗಿದ' 112. ಎರಡಕ್ಕೂ ಕೆಳಗಿನ ಭಾಗ ಒಂದೇ. ವ್ಯತ್ಯಾಸವಿರುವುದು ನೆತ್ತಿಯ ಗೀಟಿನಲ್ಲಿ: ಸಾವಿರದಲ್ಲಿ ಅದು ಬಲದಿಂದ ಎಡಕ್ಕೆ ಇಳಿಯುತ್ತದೆ, ಒಣಗಿದ್ದರಲ್ಲಿ ಎಡದಿಂದ ಬಲಕ್ಕೆ ಹೋಗುತ್ತದೆ. ಓರೆ ಎಷ್ಟು ಎನ್ನುವುದಕ್ಕಿಂತ ಕೈ ಯಾವ ಕಡೆಗೆ ಓಡಿತು ಎನ್ನುವುದು ಮುಖ್ಯ.

ನಿಯಮಗಳು, ಅವು ಮುರಿಯುವ ಕಡೆಗಳು

ಮೇಲಿನದು ಮೊದಲು, ಕೆಳಗಿನದು ಆಮೇಲೆ: 'ಮೂರು' 111. ಎಡ ಮೊದಲು, ಬಲ ಆಮೇಲೆ. ಅಡ್ಡ ಮೊದಲು, ಉದ್ದ ಆಮೇಲೆ: ಕೂಡುವ ಚಿಹ್ನೆಯಂತಿರುವ 'ಹತ್ತು' 12. ಎಡಕ್ಕೆ ಜಾರುವುದು ಮೊದಲು, ಬಲಕ್ಕೆ ಜಾರುವುದು ಆಮೇಲೆ: 'ಮನುಷ್ಯ' 34. ಇಷ್ಟು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ, ಒಂದು ಸಂಜೆಯಲ್ಲಿ ಬಾಯಿಪಾಠವಾಗುತ್ತದೆ. ಪಳಗಬೇಕಾದ ಜಾಗಗಳು ಬೇರೆ.

ಸುತ್ತು ಆವರಣವಿರುವ ಅಕ್ಷರಗಳನ್ನು ತೆಗೆದುಕೊಳ್ಳಿ. 'ದೇಶ' ಎಂಬ ಅರ್ಥದ 'ಗುವೊ' 25112141. ದೊಡ್ಡ ಚೌಕ, ಒಳಗೆ 'ಪಚ್ಚೆ' ಎಂಬ ಅಕ್ಷರ. ಚೌಕದ ಎಡಬದಿ ಎಳೆಯಿರಿ, ಮೇಲ್ಭಾಗ ಮತ್ತು ಬಲಬದಿಯನ್ನು ಒಂದೇ ತಿರುವಿನಲ್ಲಿ ಮುಗಿಸಿ, ನಿಲ್ಲಿಸಿ. ತಳ ತೆರೆದೇ ಇರಲಿ. ಒಳಗೆ ಅಡ್ಡ, ಅಡ್ಡ, ಉದ್ದ, ಅಡ್ಡ, ಬಲ ಕೆಳಗೆ ಒಂದು ಚುಕ್ಕೆ. ಈಗ ತಳ ಮುಚ್ಚಿ. ಎಲ್ಲರೂ ಒಳಗೆ ಬಂದ ಮೇಲೆ ಬಾಗಿಲು ಹಾಕು ಎಂದು ಚೀನೀ ಶಿಕ್ಷಕರು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ. ಚೌಕವನ್ನು ಮೊದಲೇ ಮುಚ್ಚಿಬಿಟ್ಟವರಿಗೆ ಒಳಗಿನದಕ್ಕೆ ಎಷ್ಟು ಜಾಗ ಬೇಕೆಂಬ ಅಂದಾಜು ಸಿಗದೆ ಪಚ್ಚೆ ಒಂದು ಮೂಲೆಗೆ ಒತ್ತರಿಸಿಕೊಳ್ಳುತ್ತದೆ. ಆವರಣ ಬಲಕ್ಕೆ ತೆರೆದಿದ್ದರೆ ಲೆಕ್ಕ ಸ್ವಲ್ಪ ಬೇರೆ: 'ವೈದ್ಯ' 1311345. ಮೇಲಿನ ಅಡ್ಡ, ಒಳಗಿನ ಐದು ಗೀಟು, ಕಟ್ಟಕಡೆಗೆ ಎಡಬದಿ ಮತ್ತು ತಳ ಒಟ್ಟಿಗೆ.

ನಡುವಿನ ಗೀಟು ಮೊದಲು, ಪಕ್ಕದವು ಆಮೇಲೆ ಎಂಬ ನಿಯಮ 'ಚಿಕ್ಕದು' 234ರಲ್ಲಿ, 'ನೀರು' 2534ರಲ್ಲಿ ಸರಿಹೋಗುತ್ತದೆ. 'ಬೆಂಕಿ' ನೋಡಲು ಅದೇ ಜಾತಿಯದು, ಕ್ರಮ ಮಾತ್ರ 4334: ಎಡಗಡೆಯ ಚುಕ್ಕೆ, ಬಲಗಡೆಯ ಕಿರುಗೀಟು, ಆಮೇಲೆ ನಡುವಿನ 'ಮನುಷ್ಯ'. 'ಒಂಬತ್ತು' 35, 'ಬಲ' 53. ಎರಡರಲ್ಲೂ ಇರುವುದು ಒಂದು ಜಾರುಗೀಟು, ಒಂದು ಕೊಕ್ಕೆಯ ತಿರುವು, ಆದರೂ ಕ್ರಮ ತಲೆಕೆಳಗು. ಇವಕ್ಕೆ ಕಾರಣ ಹುಡುಕುತ್ತ ಕೂರುವುದಕ್ಕಿಂತ ಕೈಗೆ ಹಾಕಿಕೊಳ್ಳುವುದು ಲೇಸು. ಅಕ್ಷರವನ್ನು ಆರಪಾರ ಸೀಳುವ ಗೀಟು ಕೊನೆಗೆ ಬರುವುದು ಸಾಮಾನ್ಯ: 'ನಡು' 2512ರಲ್ಲಿ ಉದ್ದಗೀಟು ಕೊನೆಗೆ, 'ಹೆಣ್ಣು' 531ರಲ್ಲಿ ಅಡ್ಡಗೀಟು ಕೊನೆಗೆ.

ಎಡಪಕ್ಕದಿಂದ ಕೆಳಗೆ ಹಾದು ಬಲಕ್ಕೆ ಚಾಚುವ ಭಾಗ ಮೊದಲೋ ಕೊನೆಯೋ? 'ಇದು' 4134454ರಲ್ಲಿ ಅದು ಕೊನೆಗೆ. 'ಏಳು, ಎದ್ದೇಳು' 1212134515ರಲ್ಲಿ ಮೊದಲಿಗೆ. ಇದಕ್ಕೊಂದು ಸುಲಭವಾದ ಗುರುತಿದೆ. ಆ ಭಾಗ ಸ್ವತಂತ್ರ ಅಕ್ಷರವಾಗಿ ನಿಲ್ಲುವಂಥದ್ದಾದರೆ ಮೊದಲು ಬರೆಯಿರಿ. ಎರಡನೆಯದರಲ್ಲಿರುವುದು 'ನಡೆ' ಎಂಬ ಸ್ವತಂತ್ರ ಅಕ್ಷರ. ಅಂಗವಾಗಿ ಮಾತ್ರ ಬರುವಂಥದ್ದಾದರೆ ಕೊನೆಗೆ.

ಇನ್ನೊಂದು ಸೂಕ್ಷ್ಮ, ಮುಂದುವರಿದವರೂ ಎಡವುವ ಕಡೆ. 'ದನ' ಒಂಟಿಯಾಗಿದ್ದಾಗ 3112: ಜಾರು, ಅಡ್ಡ, ಅಡ್ಡ, ಕೊನೆಗೆ ಆರಪಾರ ಉದ್ದ. ಅದೇ ದನ 'ವಸ್ತು' ಎಂಬ ಅಕ್ಷರದ ಎಡಮಗ್ಗುಲಿಗೆ ಸರಿದಾಗ 3121: ಉದ್ದಗೀಟು ಮುಂಚೆ, ಎರಡನೆಯ ಅಡ್ಡ ಕೊನೆಗೆ, ಅದೂ ಬಲಮೇಲಕ್ಕೆ ಚಿಮ್ಮುವ ಏರುಗೀಟಾಗಿ. 'ವಾಹನ'ವೂ ಹಾಗೆಯೇ, ಒಂಟಿಯಾಗಿ 1512, ಎಡಮಗ್ಗುಲಲ್ಲಿ 1521. ಒಂದು ಸಲ ಬರೆದು ನೋಡಿದರೆ ಏಕೆಂದು ಕೈಗೇ ತಿಳಿಯುತ್ತದೆ: ಏರುಗೀಟು ಮುಗಿದಾಗ ಪೆನ್ಸಿಲ್ ಆಗಲೇ ಬಲಭಾಗ ಶುರುವಾಗುವ ಕಡೆಗೆ ಮುಖ ಮಾಡಿರುತ್ತದೆ. ಗೀಟಿನ ಕ್ರಮದ ಹಿಂದಿರುವ ಲೆಕ್ಕಾಚಾರ ಇಷ್ಟು ನಿಚ್ಚಳವಾಗಿ ಕಾಣುವ ಜಾಗ ಇನ್ನೊಂದಿಲ್ಲ.

'ನಾನು' ಎಂಬ 'ವೊ' ಬಗ್ಗೆಯೂ ಹೇಳಲೇಬೇಕು, ಮೊದಲ ವಾರದಲ್ಲೇ ಎದುರಾಗುವ ಅಕ್ಷರವದು. 3121534. ನೆತ್ತಿಯ ಕಿರುಜಾರು, ಉದ್ದನೆಯ ಅಡ್ಡ, ಕೊಕ್ಕೆಯ ಉದ್ದಗೀಟು, ಅದನ್ನು ದಾಟುವ ಏರುಗೀಟು. ಇಲ್ಲಿಗೆ ಎಡಭಾಗ ಮುಗಿಯಿತು. ಆಮೇಲೆ ಬಲಕ್ಕೆ ಬಾಗಿ ಇಳಿದು ತುದಿಯಲ್ಲಿ ಮೇಲಕ್ಕೆ ಕೊಕ್ಕೆಯಾಗುವ ದೊಡ್ಡ ಗೀಟು, ಅದನ್ನು ಕತ್ತರಿಸುವ ಜಾರು, ಕೊನೆಗೆ ಬಲ ಮೇಲ್ಗಡೆಯ ಚುಕ್ಕೆ. ಚುಕ್ಕೆ ಮೇಲಿದೆಯಲ್ಲ ಎಂದು ಮೊದಲೇ ಇಡಬೇಡಿ. ಬಲ ಮೇಲ್ಮೂಲೆಯ ಒಂಟಿ ಚುಕ್ಕೆ ಕಟ್ಟಕಡೆಯದು.

ಅಭ್ಯಾಸ

ಮೊದಲ ಪಾಠಕ್ಕೆ 'ಒಂದು'ವಿನಿಂದ 'ಹತ್ತು'ವರೆಗಿನ ಅಕ್ಷರಗಳೇ ಸಾಕು, ಅವುಗಳ ಗೀಟಿನ ಅಂಕಿ ಕ್ರಮವಾಗಿ: 1, 11, 111, 25351, 1251, 4134, 15, 34, 35, 12. ಇಷ್ಟರಲ್ಲೇ ಮೇಲೆ ಹೇಳಿದ ಬಹುಪಾಲು ನಿಯಮಗಳು ಬಂದುಹೋಗುತ್ತವೆ. 'ನಾಲ್ಕು' ಆವರಣದ ಪಾಠ, ಬಾಗಿಲು ಕೊನೆಗೆ. 'ಆರು' ಎಂದು 4134 ಒತ್ತಿದರೆ ಅದೇ ಅಂಕಿಯ 'ಬರಹ' ಎಂಬ ಅಕ್ಷರವೂ ಸಾಲಿನಲ್ಲಿ ಕಾಣಿಸಬಹುದು, ಗಾಬರಿ ಬೇಡ. ಹತ್ತು ಕೈಗೆ ಬಂದ ಮೇಲೆ ಬಾಯಿ, ಮನುಷ್ಯ, ಹೆಣ್ಣು, ಚಿಕ್ಕದು, ನೀರು, ಬೆಂಕಿ, ದನ, ರಾಜ. ಇವು ಅಕ್ಷರಗಳೂ ಹೌದು, ಮುಂದಿನ ಸಾವಿರಾರು ಅಕ್ಷರಗಳ ಬಿಡಿಭಾಗಗಳೂ ಹೌದು. 'ನೀ ಹಾವ್' ಎಂಬ ನಮಸ್ಕಾರ ಮೊದಲ ದಿನವೇ ಬರೆಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಈ ಬಿಡಿಭಾಗಗಳನ್ನು ಮುಗಿಸಿ ಅದಕ್ಕೆ ಬಂದರೆ 3235234, 531521 ಎಂಬ ಹದಿಮೂರು ಗೀಟುಗಳಲ್ಲಿ 'ಚಿಕ್ಕದು', 'ಹೆಣ್ಣು' ಎರಡೂ ಪರಿಚಿತ ಮುಖಗಳಾಗಿ ಎದುರಾಗುತ್ತವೆ.

ಒಂದು ಅಕ್ಷರಕ್ಕೆ ಕೂರುವಾಗ ಮೊದಲು ನೋಡುತ್ತ ಗೀಟು ಎಣಿಸಿ, ಅಂಕಿ ಹೇಳಿಕೊಳ್ಳಿ. ಆಮೇಲೆ ಮುದ್ರಿತ ಅಕ್ಷರದ ಮೇಲೆಯೇ ತಿದ್ದಿ. ಚೀನಾದ ಮಕ್ಕಳಿಗೆ ಇದಕ್ಕಾಗಿಯೇ ಕೆಂಪು ಅಕ್ಷರ ಅಚ್ಚುಮಾಡಿದ ಪುಸ್ತಕಗಳಿವೆ, ನಮ್ಮ ಸ್ಲೇಟಿನ ಕಾಲದ ತಿದ್ದುವಿಕೆಯ ಹಾಗೆಯೇ. ನಾಲ್ಕಾರು ಸಲ ತಿದ್ದಿದರೆ ಸಾಕು. ಮುಂದಿನ ಚೌಕದಲ್ಲಿ ನೋಡಿಕೊಂಡು ಬರೆಯಿರಿ, ಅದರ ಮುಂದಿನದರಲ್ಲಿ ಪುಸ್ತಕ ಮುಚ್ಚಿ ಬರೆಯಿರಿ. ಮುಚ್ಚಿ ಬರೆಯುವುದೇ ನಿಜವಾದ ಅಭ್ಯಾಸ. ಒಂದೇ ಅಕ್ಷರವನ್ನು ಪುಟ ತುಂಬ ಇಳಿಸುವುದು ಶಿಕ್ಷೆಯಾದೀತೇ ಹೊರತು ಕಲಿಕೆ ಆಗದು. ಐದನೆಯ ಚೌಕ ದಾಟಿದ ಮೇಲೆ ಕೈ ಮಾತ್ರ ಓಡುತ್ತಿರುತ್ತದೆ, ಮನಸ್ಸು ಅಡುಗೆಮನೆಯಲ್ಲೋ ಕಚೇರಿಯಲ್ಲೋ ಇರುತ್ತದೆ. ಇಂದು ಐದು ಸಲ, ನಾಳೆ ಮೂರು, ವಾರ ಬಿಟ್ಟು ಎರಡು, ಇದು ಹೆಚ್ಚು ನಿಲ್ಲುತ್ತದೆ. ಬಸ್ಸಿನಲ್ಲಿ ಕುಳಿತಾಗ ಅಂಗೈ ಮೇಲೆ ಬೆರಳಿನಿಂದ ಬರೆಯಿರಿ. ಮರೆತ ಅಕ್ಷರವನ್ನು ನೆನಪಿಗೆ ತಂದುಕೊಳ್ಳಲು ಚೀನೀಯರೂ ಹೀಗೆಯೇ ಮಾಡುತ್ತಾರೆ.

ಎಡಗೈಯವರಿಗೆ ಬೇರೆ ಕ್ರಮವಿಲ್ಲ. ಅಡ್ಡಗೀಟನ್ನು ಬಲಗೈಯವರು ಎಳೆಯುತ್ತಾರೆ, ನೀವು ತಳ್ಳಬೇಕಾಗುತ್ತದೆ, ಅಷ್ಟೇ. ಹಾಳೆಯನ್ನು ಸ್ವಲ್ಪ ಓರೆಯಾಗಿ ಇಟ್ಟುಕೊಂಡರೆ ಕಷ್ಟ ಕಡಿಮೆಯಾಗುತ್ತದೆ.

ಎಷ್ಟು ಅಕ್ಷರ ಬರೆಯಲು ಕಲಿಯಬೇಕು ಎಂದು ಹೆದರುವವರಿಗೆ ಒಂದು ಲೆಕ್ಕ: ವಿದೇಶೀಯ ಕಲಿಯುವವರಿಗಾಗಿ ಚೀನಾ 2021ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಅತ್ಯುನ್ನತ ಹಂತಕ್ಕೆ ಬರುವ ಹೊತ್ತಿಗೆ ಓದಲು 3,000 ಅಕ್ಷರ ಬರಬೇಕು, ಕೈಯಲ್ಲಿ ಬರೆಯಲು 1,200 ಸಾಕು. ಪ್ರಾಥಮಿಕ ಹಂತಕ್ಕೆ ಬರೆಯಬೇಕಾದವು 300. ಉಳಿದವನ್ನು ಓದಿ ಗುರುತಿಸಿ, ಮೊಬೈಲಿನಲ್ಲಿ ಟೈಪ್ ಮಾಡಿ. ಎಲ್ಲವನ್ನೂ ಕೈಯಲ್ಲಿ ಬರೆದೇ ತೀರುತ್ತೇನೆ ಎಂಬ ಹಟ ಹಿಡಿದವರು ಸಾಮಾನ್ಯವಾಗಿ ಎರಡನೆಯ ನೋಟ್‌ಬುಕ್‌ಗೆ ಬರುವ ಮೊದಲೇ ಕೈಬಿಡುತ್ತಾರೆ.

ವಾರಕ್ಕೊಮ್ಮೆ, ಅಲ್ಲಿಯತನಕ ಕಲಿತದ್ದರಲ್ಲಿ ಇಪ್ಪತ್ತು ಅಕ್ಷರಗಳ ಅರ್ಥವನ್ನು ಕನ್ನಡದಲ್ಲಿ ಪಟ್ಟಿಮಾಡಿ. ನೋಟ್‌ಬುಕ್ ಮುಚ್ಚಿಟ್ಟು, ಒಂದೊಂದನ್ನೂ ಸ್ಟ್ರೋಕ್ ಕೀಲಿಮಣೆಯಲ್ಲಿ ಒತ್ತಿ. ಬಂದವನ್ನು ಹೊಡೆದುಹಾಕಿ, ಬಾರದವನ್ನು ಮಾತ್ರ ಮತ್ತೆ ಚೌಕಕ್ಕೆ ಇಳಿಸಿ.